ಮೊದಲು ಕಬ್ಬಿಣ, ಆಮೇಲೆ ಕಂಪ್ಯೂಟರ್

ಬಹಳ ದಿನದಿಂದ ಇದನ್ನ ಬರೀಬೇಕು ಅಂದುಕೊಂಡಿದ್ದೆ. ನನ್ನ ಹತ್ತಿರ ಮೇಜಿನ ಮೇಲಿಡುವ ಪುಟ್ಟ ಮಿಲ್ಲಿಂಗ್ ಮಷೀನ್ ಒಂದಿದೆ, ಅದನ್ನ ಕಂಪ್ಯೂಟರ್‌ನಿಂದ ನಡೆಯೋ ಹಾಗೆ ಬದಲಾಯಿಸಿಕೊಂಡಿದ್ದೀನಿ ಅಂತ ಗೊತ್ತಾದ ಕೂಡಲೇ ಜನ ಕೇಳೋ ಮೊದಲನೇ ಪ್ರಶ್ನೆ ಒಂದೇ: "ಯಾವ ಬೋರ್ಡ್ ಹಾಕಿದ್ದೀರಾ ಸಾರ್?" ಎರಡನೇದು, "ಎಷ್ಟಾಯ್ತು?" ಮೂರನೇದು, "ಮೊಬೈಲ್‌ನಿಂದ ಓಡಿಸಬಹುದಾ?"

"ಮಷೀನ್ ಹೇಗಿತ್ತು?" ಅಂತ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ. ನನ್ನ ತಕರಾರು ಇರೋದೇ ಇಲ್ಲಿ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಲೇತ್‌ನಲ್ಲಿ ಜಾಬ್ ತಿರುಗುತ್ತೆ. ಮಿಲ್ಲಿಂಗ್ ಮಷೀನ್‌ನಲ್ಲಿ ಉಲ್ಟಾ, ಕಟರ್ ತಿರುಗುತ್ತೆ. ಜಾಬನ್ನು ಕಚ್ಚಿ ಹಿಡಿದ ಟೇಬಲ್ ಎಡಕ್ಕೆ ಬಲಕ್ಕೆ, ಹಿಂದೆ ಮುಂದೆ ಸರಿಯುತ್ತೆ. ಕಟರ್ ಇರುವ ತಲೆ ಮೇಲೆ ಕೆಳಗೆ ಹೋಗುತ್ತೆ. ಈ ಮೂರು ದಿಕ್ಕುಗಳಿಗೆ ಎಕ್ಸ್, ವೈ, ಝಡ್ ಅಂತ ಹೆಸರು. ಮೂರನ್ನೂ ಕೈಯಿಂದಲೇ ತಿರುಗಿಸಿ ಸರಿಸಬೇಕು. ಆ ಕೆಲಸವನ್ನ ಮೋಟರ್‌ಗಳಿಗೆ ವಹಿಸಿ, ಯಾವಾಗ ಎಷ್ಟು ತಿರುಗಬೇಕು ಅಂತ ಕಂಪ್ಯೂಟರ್‌ನಿಂದ ಹೇಳಿಸಿದರೆ ಅದೇ ಸಿಎನ್‌ಸಿ. ಇಷ್ಟೇ ವಿಷಯ. ಇಷ್ಟೇ ಅಂದುಕೊಂಡಿದ್ದರಿಂದಲೇ ಅರ್ಧ ತೊಂದರೆ ಶುರುವಾಗೋದು :-)

ಹವ್ಯಾಸಿಗಳ ಲೋಕದಲ್ಲಿ ಹೀಗೆ ಬದಲಾವಣೆಗೆ ಒಳಗಾದ ಮಷೀನ್‌ಗಳಲ್ಲಿ ಬಹಳ ಹೆಸರು ಮಾಡಿದ್ದು ಶಾಂಘೈನ ಸೀಗ್ ಕಂಪನಿಯ ಎಕ್ಸ್2. ಅಮೆರಿಕ, ಇಂಗ್ಲೆಂಡಿನ ಅಂಗಡಿಗಳು ಇದೇ ಮಷೀನಿಗೆ ತಮ್ಮ ತಮ್ಮ ಬಣ್ಣ ಬಳಿದು, ತಮ್ಮ ಹೆಸರು ಅಂಟಿಸಿ ಮಾರಿದವು. ಇಬ್ಬರು ಸೇರಿ ಎತ್ತಿ ಬೆಂಚಿನ ಮೇಲೆ ಇಡಬಹುದು. ನನ್ನದು ಎಕ್ಸ್2 ಅಲ್ಲ, ಆದರೆ ಅದೇ ಗಾತ್ರದ್ದು. ಹಾಗಾಗಿ ಮುಂದೆ ಹೇಳೋದೆಲ್ಲ ಈ ಜಾತಿಯ ಸಣ್ಣ ಮಷೀನ್‌ಗಳ ಬಗ್ಗೆ. ಪೀಣ್ಯದಲ್ಲಿ ಟನ್‌ಗಟ್ಟಲೆ ತೂಗುವ ಮಷೀನ್ ಓಡಿಸುವವರು ನಕ್ಕರೆ ನಗಲಿ.

ಮೊದಲು ಒಂದು ಹಳೇ ಕಥೆ. ಸಿಎನ್‌ಸಿ ಅಂದರೆ ಫ್ಯಾಕ್ಟರಿಯಲ್ಲಿ ಹುಟ್ಟಿದ ಹೊಸ ಜಾತಿಯ ಮಷೀನ್, ನಾವು ಹವ್ಯಾಸಿಗಳು ಮಾಡೋದು ಅದರ ಬಡ ನಕಲು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮಿಷಿಗನ್‌ನ ಟ್ರಾವರ್ಸ್ ಸಿಟಿಯಲ್ಲಿ ಜಾನ್ ಪಾರ್ಸನ್ಸ್ ಅನ್ನುವವರು ಹೆಲಿಕಾಪ್ಟರ್ ರೆಕ್ಕೆ ಮಾಡುತ್ತಿದ್ದರು. ವಕ್ರವಾದ ಆಕಾರಗಳನ್ನ ಲೆಕ್ಕ ಹಾಕಿದ ಬಿಂದುಗಳಿಂದ ಕತ್ತರಿಸಬೇಕು ಅನ್ನೋ ಯೋಚನೆ ಅವರದ್ದು. ಆ ಕೆಲಸ 1949ರಲ್ಲಿ ಎಂಐಟಿಯ ಸರ್ವೋಮೆಕ್ಯಾನಿಸಮ್ಸ್ ಲ್ಯಾಬ್‌ಗೆ ಹೋಯಿತು. 1952ರಲ್ಲಿ ಅವರು ಓಡಿಸಿ ತೋರಿಸಿದರು. ಅವರು ಹೊಸ ಮಷೀನ್ ಎರಕ ಹೊಯ್ಯಲಿಲ್ಲ. ಸಿನ್ಸಿನಾಟಿ ಕಂಪನಿಯ ಹೈಡ್ರೋಟೆಲ್ ಎಂಬ, ಅದಾಗಲೇ ಇದ್ದ ಮಿಲ್ಲಿಂಗ್ ಮಷೀನನ್ನೇ ತೆಗೆದುಕೊಂಡು, ಅದಕ್ಕೆ ವಾಲ್ವ್‌ಗಳು ತುಂಬಿದ ಕಪಾಟು, ತೂತು ಹೊಡೆದ ಕಾಗದದ ಪಟ್ಟಿ ಜೋಡಿಸಿದರು.

ಅಂದರೆ ಈ ವಂಶದ ಮೂಲಪುರುಷನೇ ಒಂದು ಕನ್ವರ್ಷನ್! ನಾವು ಮನೆಯ ಗ್ಯಾರೇಜಿನಲ್ಲಿ ಮಾಡೋದೂ ಅದೇ ಕೆಲಸ. ನಾಚಿಕೆ ಪಡೋ ಅಗತ್ಯ ಏನೂ ಇಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಿ. ಅವರ ಕೈಯಲ್ಲಿ ಇದ್ದದ್ದು ವಿಮಾನದ ಭಾಗ ಕತ್ತರಿಸಲು ಲಾಯಕ್ಕಾದ ಗಟ್ಟಿ ಕಬ್ಬಿಣ, ಇರದಿದ್ದದ್ದು ಎಲೆಕ್ಟ್ರಾನಿಕ್ಸ್. ನಮ್ಮ ಕೈಯಲ್ಲಿ ಎಲೆಕ್ಟ್ರಾನಿಕ್ಸ್ ಕಡಲೇಕಾಯಿ ಬೆಲೆಗೆ ಇದೆ, ಕಬ್ಬಿಣವೇ ಸಂಶಯ. ಅವರ ತಲೆನೋವು ಬೋರ್ಡ್ ಆಗಿತ್ತು. ನಮ್ಮ ತಲೆನೋವು ಬೋರ್ಡ್ ಅಲ್ಲವೇ ಅಲ್ಲ. ಆದರೂ ನಾವು ಬೋರ್ಡ್ ಬಗ್ಗೆಯೇ ಮಾತಾಡ್ತೀವಿ.

ಸರಿ, ಕಬ್ಬಿಣದಲ್ಲಿ ಏನು ಸಂಶಯ?

ಒಂದು ಡಯಲ್ ಗೇಜ್ ತಗೊಳ್ಳಿ. ಅದರ ಮುಳ್ಳು ಟೇಬಲ್ ತುದಿಗೆ ತಾಗೋ ಹಾಗೆ ನಿಲ್ಲಿಸಿ. ಕೈಚಕ್ರವನ್ನ ಒಂದು ಕಡೆಗೆ ತಿರುಗಿಸುತ್ತಾ ಹೋಗಿ ಸೊನ್ನೆಗೆ ತನ್ನಿ. ಈಗ ಉಲ್ಟಾ ತಿರುಗಿಸಿ. ಚಕ್ರ ತಿರುಗುತ್ತೆ, ಗೇಜಿನ ಮುಳ್ಳು ಅಲ್ಲೇ ನಿಂತಿರುತ್ತೆ. ಇನ್ನೂ ತಿರುಗಿಸಿದ ಮೇಲೆ ಮುಳ್ಳು ಕದಲುತ್ತೆ. ನಡುವೆ ಖಾಲಿ ಹೋಯಿತಲ್ಲ, ಅದೇ ಬ್ಯಾಕ್‌ಲ್ಯಾಶ್. ನಮ್ಮ ಫಿಟ್ಟರ್‌ಗಳು "ಆಟ" ಅಂತಾರೆ. ಸ್ಕ್ರೂಗೂ ನಟ್ಟಿಗೂ ನಡುವಿನ ಸಡಿಲ. ಸಣ್ಣ ಮಷೀನ್‌ಗಳಲ್ಲಿ ಇದು 0.2 ಮಿಲಿಮೀಟರ್ ಇದ್ದರೆ ಆಶ್ಚರ್ಯ ಏನಿಲ್ಲ.

ಕೈಯಲ್ಲಿ ಓಡಿಸುವಾಗ ಇದು ದೊಡ್ಡ ವಿಷಯ ಅಲ್ಲ. ನುರಿತ ಕೆಲಸಗಾರ ಯಾವಾಗಲೂ ಒಂದೇ ದಿಕ್ಕಿನಿಂದ ಅಳತೆಗೆ ಬರುತ್ತಾನೆ. ದಾಟಿ ಹೋದರೆ ಪೂರ್ತಿ ಹಿಂದೆ ಬಂದು ಮತ್ತೆ ಅದೇ ದಿಕ್ಕಿನಿಂದ ತರುತ್ತಾನೆ. ಸಡಿಲ ಎಷ್ಟಿದೆ ಅಂತ ಅವನ ಕೈಗೆ ಗೊತ್ತು. ಕಂಪ್ಯೂಟರ್‌ಗೆ ಕೈ ಇಲ್ಲ. ಅದು ಒಂದು ವೃತ್ತ ಕತ್ತರಿಸುವಾಗ ಎಕ್ಸ್ ಎರಡು ಸಲ, ವೈ ಎರಡು ಸಲ ದಿಕ್ಕು ಬದಲಿಸುತ್ತೆ. ಆ ನಾಲ್ಕೂ ಕಡೆ ಮೋಟರ್ ತಿರುಗುತ್ತೆ, ಟೇಬಲ್ ಸುಮ್ಮನೆ ಇರುತ್ತೆ. ನಿಮ್ಮ ವೃತ್ತಕ್ಕೆ ನಾಲ್ಕು ಕಡೆ ಚಪ್ಪಟೆ, ನಾಲ್ಕು ಮೆಟ್ಟಿಲು.

"ಸಾಫ್ಟ್‌ವೇರ್‌ನಲ್ಲಿ ಬ್ಯಾಕ್‌ಲ್ಯಾಶ್ ಕಾಂಪೆನ್ಸೇಷನ್ ಅಂತ ಇದೆಯಲ್ಲ ಸಾರ್?" ಇದೆ. ದಿಕ್ಕು ಬದಲಾದಾಗ ಮೋಟರನ್ನ 0.2 ಜಾಸ್ತಿ ತಿರುಗಿಸುತ್ತೆ. ತೂತು ಕೊರೆಯೋ ಕೆಲಸಕ್ಕೆ, ಅಂದರೆ ಒಂದು ಜಾಗಕ್ಕೆ ಹೋಗಿ ನಿಂತು ಕೊರೆಯೋದಕ್ಕೆ, ತಕ್ಕಮಟ್ಟಿಗೆ ಸಾಕು. ಆದರೆ ಪಕ್ಕದಿಂದ ಕತ್ತರಿಸುವಾಗ ಕಟರ್ ಟೇಬಲನ್ನ ಎಳೆಯುತ್ತೆ. ಅದರಲ್ಲೂ ಕಟರಿನ ಹಲ್ಲು ಜಾಬನ್ನ ಅದು ಸರಿಯುವ ದಿಕ್ಕಿಗೇ ಸೆಳೆಯುವ ಕ್ಲೈಂಬ್ ಮಿಲ್ಲಿಂಗ್‌ನಲ್ಲಿ, ಆ 0.2 ಸಡಿಲದೊಳಗೆ ಟೇಬಲ್ ತಾನಾಗಿಯೇ ಜಿಗಿಯುತ್ತೆ. ಹಲ್ಲಿಗೆ ತಡೆಯಲಾರದಷ್ಟು ಲೋಹ ಒಮ್ಮೆಗೇ ಸಿಗುತ್ತೆ. ಟಕ್! ಎಂಡ್ ಮಿಲ್ ಎರಡು ತುಂಡು. ಇದನ್ನ ಯಾವ ಸಾಫ್ಟ್‌ವೇರೂ ತಡೆಯಲ್ಲ, ಯಾಕಂದರೆ ಟೇಬಲ್ ಜಿಗಿದದ್ದು ಅದಕ್ಕೆ ಗೊತ್ತೇ ಆಗಲ್ಲ. ಅದಕ್ಕೇ ಬಾಲ್ ಸ್ಕ್ರೂ ಬೇಕಾಗೋದು. ಅದರಲ್ಲಿ ಸ್ಕ್ರೂ ಮತ್ತು ನಟ್ಟಿನ ನಡುವೆ ಗುಂಡುಗಳು ಉರುಳುತ್ತವೆ, ಆಟ ಬಹಳ ಕಡಿಮೆ.

ಸ್ಕ್ರೂ ಒಂದೇ ಅಲ್ಲ. ಟೇಬಲ್ ಜಾರುವ ಡವ್‌ಟೇಲ್‌ನಲ್ಲಿ ಗಿಬ್ ಎಂಬ ಪಟ್ಟಿ ಇರುತ್ತೆ. ಅದು ಸಡಿಲ ಇದ್ದರೆ ಟೇಬಲ್ ಓಲಾಡುತ್ತೆ, ಬಿಗಿ ಇದ್ದರೆ ಮೋಟರ್ ತಿಣುಕುತ್ತೆ. ಎಕ್ಸ್2 ಮಾದರಿಯಲ್ಲಿ ಕಂಬವನ್ನ ಎಡಕ್ಕೆ ಬಲಕ್ಕೆ ಓರೆ ಮಾಡೋ ಸೌಲಭ್ಯಕ್ಕಾಗಿ ಒಂದೇ ದೊಡ್ಡ ನಟ್ಟಿನಿಂದ ಹಿಡಿದಿದ್ದಾರೆ. ಸೌಲಭ್ಯ ಹೌದು, ಆದರೆ ಬಿಗಿ ಬೇಕಾದ ಜಾಗದಲ್ಲೇ ದೌರ್ಬಲ್ಯ. ಬಹಳ ಜನ ಅದರ ಹಿಂದೆ ದಪ್ಪ ಪ್ಲೇಟ್ ಕೂರಿಸಿ ಕಂಬವನ್ನ ಬಿಗಿ ಮಾಡಿಕೊಳ್ಳುತ್ತಾರೆ. ಅದರ ತಲೆ ಮೇಲೆ ಕೆಳಗೆ ಹೋಗೋದು ರ‍್ಯಾಕ್ ಮತ್ತು ಪಿನಿಯನ್ ಹಲ್ಲುಗಳಿಂದ. ಸಿಎನ್‌ಸಿ ಮಾಡಬೇಕು ಅಂದರೆ ಅಲ್ಲೂ ಸ್ಕ್ರೂ ಹಾಕಬೇಕು. ಕಟರ್ ಟೇಬಲ್‌ಗೆ ನೇರ ಲಂಬವಾಗಿದೆಯಾ ಅಂತ ಡಯಲ್ ಗೇಜನ್ನ ಸ್ಪಿಂಡಲ್‌ಗೆ ಕಟ್ಟಿ ಸುತ್ತ ತಿರುಗಿಸಿ ನೋಡಬೇಕು. ಈ ಕೆಲಸಗಳಲ್ಲಿ ಒಂದರಲ್ಲೂ ಕಂಪ್ಯೂಟರ್ ಇಲ್ಲ. ನನಗೆ ಅತಿ ಹೆಚ್ಚು ಭಾನುವಾರಗಳು ಖರ್ಚಾಗಿದ್ದು ಇಲ್ಲೇ. ಮೋಟರ್, ಡ್ರೈವರ್, ವೈರಿಂಗ್ ಎಲ್ಲ ಸೇರಿ ಅದರ ಕಾಲು ಭಾಗವೂ ಆಗಲಿಲ್ಲ.

ನನಗೆ ಕೆಲಸ ಕಲಿಸಿದ ಹಿರಿಯ ಫಿಟ್ಟರ್ ಒಬ್ಬರು, "ಮೊದ್ಲು ಒಂದು ತಿಂಗ್ಳು ಕೈಯಲ್ಲೇ ತಿರುಗ್ಸಪ್ಪ, ಅದು ಎಲ್ಲಿ ಮುನಿಸಿಕೊಳ್ಳುತ್ತೆ ಅಂತ ಗೊತ್ತಾಗ್ಲಿ" ಅಂದಿದ್ದರು. ಹಾಗೇ ಮಾಡಿದೆ. ವೈ ದಿಕ್ಕಿನಲ್ಲಿ ನಡುವೆ ಸಲೀಸು, ತುದಿಗೆ ಬಂದರೆ ಬಿಗಿ ಅಂತ ಕೈಗೆ ಗೊತ್ತಾಯಿತು. ಮೋಟರ್ ಮೊದಲೇ ಹಾಕಿದ್ದರೆ ಅದು ಗೊತ್ತಾಗುತ್ತಿದ್ದದ್ದು ಜಾಬ್ ಹಾಳಾದಾಗ.

ಯಾಕಂದರೆ ನಾವು ಹಾಕೋದು ಸಾಮಾನ್ಯವಾಗಿ ಸ್ಟೆಪ್ಪರ್ ಮೋಟರ್. ಒಂದು ಪಲ್ಸ್ ಕೊಟ್ಟರೆ ಒಂದು ಹೆಜ್ಜೆ. ಒಂದು ಹೆಜ್ಜೆ ಅಂದರೆ 1.8 ಡಿಗ್ರಿ, ಒಂದು ಸುತ್ತಿಗೆ 200 ಹೆಜ್ಜೆ. ಭಾರ ಹೆಚ್ಚಾಗಿ ಒಂದೆರಡು ಕಡೆ ಹೆಜ್ಜೆ ತಪ್ಪಿದರೆ ಕಂಪ್ಯೂಟರ್‌ಗೆ ವಾಪಸ್ ಸುದ್ದಿ ಬರಲ್ಲ. ಅದರ ಪ್ರಕಾರ ಎಲ್ಲ ಸರಿಯಾಗಿದೆ. ವೇಗ ಹೆಚ್ಚಿದಂತೆ ಈ ಮೋಟರ್‌ನ ಬಲ ಕುಗ್ಗುತ್ತೆ ಅನ್ನೋದು ಇನ್ನೊಂದು ವಿಷಯ. "ನೆಮಾ 23 ಹಾಕಿದ್ದೀನಿ" ಅಂತ ಬಲದ ಲೆಕ್ಕದಲ್ಲಿ ಹೇಳುತ್ತಾರೆ. ಆ 23 ಮೋಟರಿನ ಮುಖದ ಅಳತೆ ಮಾತ್ರ, 2.3 ಇಂಚು. ಬಲಕ್ಕೂ ಅದಕ್ಕೂ ನೇರ ಸಂಬಂಧ ಇಲ್ಲ.

ಇನ್ನು "ಮೈಕ್ರಾನ್" ಹುಚ್ಚು. ಲೆಕ್ಕ ನೋಡಿ. 5 ಮಿಮೀ ಲೀಡ್ ಇರುವ ಬಾಲ್ ಸ್ಕ್ರೂ, 200 ಹೆಜ್ಜೆಯ ಮೋಟರ್. ಒಂದು ಹೆಜ್ಜೆಗೆ 0.025 ಮಿಮೀ. ಡ್ರೈವರ್‌ನಲ್ಲಿ ಒಂದೊಂದು ಹೆಜ್ಜೆಯನ್ನ 8 ಭಾಗ ಮಾಡಿದರೆ ಸುತ್ತಿಗೆ 1600 ಪಲ್ಸ್, ಪಲ್ಸಿಗೆ ಸುಮಾರು 0.003 ಮಿಮೀ. ತಕ್ಷಣ "ನನ್ನ ಮಷೀನ್ 3 ಮೈಕ್ರಾನ್ ಅಕ್ಯುರೇಟ್" ಅಂತ ಹೇಳಿಬಿಡುತ್ತಾರೆ. ಸ್ವಾಮಿ, ಸಾಮಾನ್ಯವಾಗಿ ಸಿಗುವ ಸಿ7 ದರ್ಜೆಯ ಬಾಲ್ ಸ್ಕ್ರೂ 300 ಮಿಮೀ ಉದ್ದದಲ್ಲಿ 50 ಮೈಕ್ರಾನ್‌ನಷ್ಟು ತಪ್ಪಿರಬಹುದು ಅಂತ ದರ್ಜೆಯಲ್ಲೇ ಒಪ್ಪಿಕೊಂಡಿದೆ. ಅದೇ 300 ಮಿಮೀ ಸ್ಟೀಲ್ ಸ್ಕ್ರೂ ಬೆಳಗಿಗಿಂತ ಮಧ್ಯಾಹ್ನ 10 ಡಿಗ್ರಿ ಬಿಸಿಯಾದರೆ ಸುಮಾರು 35 ಮೈಕ್ರಾನ್ ಉದ್ದವಾಗುತ್ತೆ. ಇದರ ಮುಂದೆ ನಿಮ್ಮ 3 ಮೈಕ್ರಾನ್ ಯಾವ ಲೆಕ್ಕ? ಪಲ್ಸ್ ಎಷ್ಟು ಚಿಕ್ಕದು ಅನ್ನೋದು ಬೇರೆ, ಟೇಬಲ್ ಎಲ್ಲಿಗೆ ಬಂತು ಅನ್ನೋದು ಬೇರೆ.

ಹಾಗಂತ ಎಲೆಕ್ಟ್ರಾನಿಕ್ಸ್ ಬೇಡ ಅಂತ ನಾನು ಹೇಳುತ್ತಿಲ್ಲ. ಅದು ಇವತ್ತು ಸುಲಭ ಆಗಿದೆ, ಅದು ಸಂತೋಷದ ವಿಷಯವೇ. ಅಮೆರಿಕ ಸರ್ಕಾರದ ಎನ್‌ಐಎಸ್‌ಟಿ ಸಂಸ್ಥೆಯಲ್ಲಿ 1990ರ ದಶಕದಲ್ಲಿ ಹುಟ್ಟಿದ ಇಎಂಸಿ ಅನ್ನೋ ತಂತ್ರಾಂಶ ಇವತ್ತಿನ ಲಿನಕ್ಸ್‌ಸಿಎನ್‌ಸಿ. 2011ರಲ್ಲಿ ಈ ಹೆಸರು ಬಂತು. ಪುಕ್ಕಟೆ, ಮುಕ್ತ. ನಾರ್ವೆಯ ಸಿಮೆನ್ ಸ್ವಾಲೆ ಸ್ಕಾಗ್‌ಸ್ರುಡ್ 2009ರಲ್ಲಿ ಶುರು ಮಾಡಿದ ಗರ್ಬಲ್ ಒಂದು ಸಣ್ಣ ಆರ್ಡುಯಿನೋ ಬೋರ್ಡಿನಲ್ಲೇ ಓಡುತ್ತೆ. ಒಂದು ಕಾಲದಲ್ಲಿ ಎಲ್ಲರೂ ಹಳೇ ಕಂಪ್ಯೂಟರಿನ ಪ್ಯಾರಲಲ್ ಪೋರ್ಟ್ ಹುಡುಕಿಕೊಂಡು ಅಲೆಯುತ್ತಿದ್ದರು, ಈಗ ಅದರ ಅವಶ್ಯಕತೆಯೂ ಇಲ್ಲ. ಡ್ರಾಯಿಂಗ್‌ನಿಂದ ಜಿ-ಕೋಡ್ ಮಾಡಲು ಫ್ರೀಕ್ಯಾಡ್ ಇದೆ, 2024ರ ನವೆಂಬರ್‌ನಲ್ಲಿ ಅದರ 1.0 ಆವೃತ್ತಿಯೂ ಬಂತು. ಬೋರ್ಡ್ ಯಾವುದಾದರೂ ಆಗಲಿ, ಇಷ್ಟ ಆಗದಿದ್ದರೆ ಒಂದು ಸಂಜೆಯಲ್ಲಿ ಬದಲಾಯಿಸಬಹುದು. ಸ್ಕ್ರೂ, ಗಿಬ್, ಕಂಬ ಬದಲಾಯಿಸೋಕೆ ಇಡೀ ಮಷೀನ್ ಬಿಚ್ಚಬೇಕು. ದುಡ್ಡು ಎಲ್ಲಿ ಹಾಕಬೇಕು ಅಂತ ಇದರಲ್ಲೇ ಉತ್ತರ ಇದೆ ಅಲ್ವಾ?

ಈಗ ನಿಜವಾಗಿ ನನ್ನ ಹೊಟ್ಟೆ ಉರಿಸಿದ ವಿಷಯಕ್ಕೆ ಬರುತ್ತೀನಿ.

ಹೋದ ವರ್ಷ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಜೆಕ್ಟ್ ಪ್ರದರ್ಶನ ನೋಡೋಕೆ ಹೋಗಿದ್ದೆ. ನಾಲ್ಕು ಹುಡುಗರು ಇಂಥದ್ದೇ ಸಣ್ಣ ಮಿಲ್ಲಿಂಗ್ ಮಷೀನನ್ನ ಕನ್ವರ್ಟ್ ಮಾಡಿದ್ದರು. ಕಟರ್ ಜಾಗದಲ್ಲಿ ಪೆನ್ ಕಟ್ಟಿ ಕಾಗದದ ಮೇಲೆ ಕಾಲೇಜಿನ ಹೆಸರು ಬರೆಸುತ್ತಿದ್ದರು. ಚೆಂದ ಇತ್ತು. ಹುಡುಗರು ನಿದ್ದೆಗೆಟ್ಟು ಮಾಡಿದ್ದು ಮುಖದಲ್ಲೇ ಕಾಣುತ್ತಿತ್ತು. ಮುಂದುಗಡೆ ಕೆಂಪು ಬಟನ್, ಎಮರ್ಜೆನ್ಸಿ ಸ್ಟಾಪ್. ಅದರ ವೈರ್ ಎಲ್ಲಿಗೆ ಹೋಗಿದೆ ಅಂತ ನೋಡಿದೆ. ಬೋರ್ಡಿನ ಹೋಲ್ಡ್ ಪಿನ್‌ಗೆ, ಅಷ್ಟೇ. ಅಂದರೆ ಒತ್ತಿದರೆ ಟೇಬಲ್ ನಿಲ್ಲುತ್ತೆ, ಕಟರ್ ತಿರುಗುತ್ತಲೇ ಇರುತ್ತೆ! "ಬೋರ್ಡೇ ಹ್ಯಾಂಗ್ ಆದರೆ ಏನಪ್ಪಾ?" ಅಂತ ಕೇಳಿದೆ. "ಆಗಲ್ಲ ಸಾರ್, ಟೆಸ್ಟ್ ಮಾಡಿದ್ದೀವಿ" ಅಂದ ಒಬ್ಬ. ಪಕ್ಕದಲ್ಲಿದ್ದ ಅವರ ಗೈಡ್ "ನೋಡಿ, ಇದಕ್ಕೆ ಮೊಬೈಲ್ ಆ್ಯಪ್ ಕೂಡ ಮಾಡಿದ್ದಾರೆ" ಅಂದರು. ಮಾರ್ಕ್ಸ್ ಬಂದಿದ್ದು ಆ್ಯಪಿಗೆ.

ಹುಡುಗರದ್ದು ತಪ್ಪು ಅಂತ ನಾನು ಹೇಳಲ್ಲ. ಯಾವುದಕ್ಕೆ ಮಾರ್ಕ್ಸ್ ಬರುತ್ತೋ ಅದನ್ನೇ ತಾನೇ ಯಾರಾದರೂ ಮಾಡೋದು? ಆದರೆ ಮುಂದಿನ ವರ್ಷ ಯಾರೋ ಪೆನ್ ತೆಗೆದು 10 ಮಿಮೀ ಎಂಡ್ ಮಿಲ್ ಹಾಕುತ್ತಾರೆ. ಅದರ ಮುಂದೆ ಇರೋದು 20 ವರ್ಷದ ಒಂದು ಹುಡುಗಿಯ ಅಥವಾ ಹುಡುಗನ ಬೆರಳು. ಕೆಂಪು ಬಟನ್ ಇದೆ ಅನ್ನೋ ಧೈರ್ಯದಿಂದ ಹತ್ತಿರ ಇಟ್ಟ ಬೆರಳು.

ಹಾಗಾಗಿ ಇದನ್ನ ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಕೆಂಪು ಬಟನ್ ಕಂಪ್ಯೂಟರಿನ ಅಪ್ಪಣೆ ಕೇಳಬಾರದು. ಅದು ಕಾಂಟ್ಯಾಕ್ಟರ್ ಮೂಲಕ ಸ್ಪಿಂಡಲ್‌ನ ಮತ್ತು ಡ್ರೈವರ್‌ಗಳ ಕರೆಂಟನ್ನೇ ಕಡಿಯಬೇಕು. ಕಂಪ್ಯೂಟರ್‌ಗೆ ಬೇಕಿದ್ದರೆ ಆಮೇಲೆ ಸುದ್ದಿ ಹೋಗಲಿ. ಬಟನ್ನಿನ ಸರ್ಕ್ಯೂಟ್ ಯಾವಾಗಲೂ ಕೂಡಿರೋ ಜಾತಿಯದ್ದಾಗಿರಬೇಕು, ಒತ್ತಿದರೆ ಬಿಡಬೇಕು. ಆಗ ವೈರ್ ತುಂಡಾದರೂ ಮಷೀನ್ ನಿಲ್ಲುತ್ತೆ.

ಎರಡನೇದು, ಕರೆಂಟ್ ಹೋಗಿ ಬರೋದು. ನಮ್ಮೂರುಗಳಲ್ಲಿ ಇದನ್ನ ಹೇಳಿಕೊಡಬೇಕಾ? ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ನೋಡಿದವರಿಗೆ ಗೊತ್ತು. ಕರೆಂಟ್ ಹೋದರೆ ಅದು ಕೈಬಿಡುತ್ತೆ, ವಾಪಸ್ ಬಂದಾಗ ನಾವೇ ಹೋಗಿ ಹಸಿರು ಬಟನ್ ಒತ್ತಬೇಕು. ಮಿಲ್ಲಿಂಗ್ ಮಷೀನ್‌ಗೂ ಅದೇ ನಿಯಮ. ಕರೆಂಟ್ ಬಂದ ತಕ್ಷಣ ತಾನಾಗಿ ತಿರುಗೋಕೆ ಶುರು ಮಾಡೋ ಸ್ಪಿಂಡಲ್ ಯಮನ ಮಷೀನ್.

ಮೂರನೇದು ಬಹಳ ಜನಕ್ಕೆ ಹೊಳೆಯೋದೇ ಇಲ್ಲ. ಹಳೇ ಸ್ಕ್ರೂ ತನ್ನ ಘರ್ಷಣೆಯಿಂದಲೇ ತಲೆಯ ಭಾರ ತಡೆಯುತ್ತೆ. ಬಾಲ್ ಸ್ಕ್ರೂನಲ್ಲಿ ಘರ್ಷಣೆಯೇ ಕಡಿಮೆ, ಅದಕ್ಕೇ ತಾನೇ ಹಾಕೋದು? ಹಾಗಾಗಿ ಮೋಟರ್‌ಗೆ ಕರೆಂಟ್ ತಪ್ಪಿದರೆ ಸ್ಕ್ರೂ ತಾನೇ ಹಿಂದಕ್ಕೆ ತಿರುಗಿ ತಲೆ ಕೆಳಗೆ ಇಳಿಯಬಹುದು. ಕೆಂಪು ಬಟನ್ ಒತ್ತಿದಾಗಲೂ ಅದೇ! ಅದಕ್ಕೆ ಪ್ರತಿಭಾರ, ಗ್ಯಾಸ್ ಸ್ಪ್ರಿಂಗ್ ಅಥವಾ ಬ್ರೇಕ್ ಇರುವ ಮೋಟರ್, ಯಾವುದಾದರೂ ಒಂದು ಬೇಕೇ ಬೇಕು. ಮೊಬೈಲ್ ಆ್ಯಪ್ ಆಮೇಲೆ ಮಾಡಿಕೊಳ್ಳಿ.

"ಇಷ್ಟೆಲ್ಲ ಯಾಕೆ ಸಾರ್, ರೆಡಿಮೇಡ್ ಸಿಎನ್‌ಸಿ ತಗೊಂಡರೆ ಆಗಲ್ವಾ?" ನ್ಯಾಯವಾದ ಪ್ರಶ್ನೆ. ಹೊಟ್ಟೆಪಾಡಿಗೆ ಪಾರ್ಟ್ ಮಾಡಿ ಮಾರಬೇಕಾದವರು ದಯವಿಟ್ಟು ಕನ್ವರ್ಷನ್‌ಗೆ ಕೈ ಹಾಕಬೇಡಿ. ಬೆಂಗಳೂರಿನಲ್ಲಿ ಜಾಬ್ ವರ್ಕ್ ಮಾಡಿಕೊಡೋ ಶಾಪ್‌ಗಳಿಗೆ ಬರವಿಲ್ಲ. ಡ್ರಾಯಿಂಗ್ ಕೊಟ್ಟರೆ ನಮ್ಮ ಪುಟ್ಟ ಮಷೀನ್ ಒಂದು ದಿನ ತಿಣುಕೋ ಕೆಲಸವನ್ನ ಅವರ ದೊಡ್ಡ ಮಷೀನ್ ನಿಮಿಷಗಳಲ್ಲಿ ಮುಗಿಸುತ್ತೆ. ಬರೀ ಮರ, ಪ್ಲಾಸ್ಟಿಕ್ ಕೆತ್ತೋರಿಗೆ ಸಣ್ಣ ರೂಟರ್ ಕಿಟ್ ಸಾಕು. ದುಡ್ಡು ಉಳಿಸೋಕೆ ಅಂತ ಕನ್ವರ್ಷನ್ ಮಾಡಿದರೆ ದುಡ್ಡೂ ಉಳಿಯಲ್ಲ, ನೆಮ್ಮದಿಯೂ ಉಳಿಯಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಅದರ ಸಾಲಿಗೆ ಇದನ್ನೂ ಸೇರಿಸಬಹುದು.

ಕನ್ವರ್ಷನ್ ಮಾಡಬೇಕಾದ್ದು ಕಲಿಯೋಕೆ. ಅದಕ್ಕೆ ಇದರಷ್ಟು ಒಳ್ಳೆ ಪಾಠ ನನಗೆ ಇನ್ನೊಂದು ಸಿಕ್ಕಿಲ್ಲ. ಒಂದೇ ಮೇಜಿನ ಮೇಲೆ ಎರಕ, ಘರ್ಷಣೆ, ಉಷ್ಣ, ವಿದ್ಯುತ್, ಗಣಿತ, ಪ್ರೋಗ್ರಾಮಿಂಗ್ ಎಲ್ಲ ಸಿಗುತ್ತೆ. ಗಾಜಿನ ಬಾಗಿಲು ಮುಚ್ಚಿದ ಟ್ರೈನರ್ ಮಷೀನ್ ಮುಂದೆ ನಿಂತು ಬಟನ್ ಒತ್ತಿದರೆ ಇದರಲ್ಲಿ ಯಾವುದೂ ಕೈಗೆ ಹತ್ತಲ್ಲ.

ನೆನಪಿಡಿ, ಇದು 1953ರಲ್ಲಿ ಎಚ್‌ಎಂಟಿ ಶುರುವಾದ ಊರು. ಇಡೀ ದೇಶಕ್ಕೆ ಮಷೀನ್ ಮಾಡುವ ಮಷೀನ್‌ಗಳನ್ನ ಕೊಟ್ಟ ಊರು. 1962ರಿಂದ ತುಮಕೂರು ರಸ್ತೆಯಲ್ಲಿ ಸಿಎಂಟಿಐ ಇದೆ. ಇಂಥ ಊರಿನ ಇಂಜಿನಿಯರ್‌ಗೆ ಬ್ಯಾಕ್‌ಲ್ಯಾಶ್ ಅಂದರೆ ಪರೀಕ್ಷೆಯಲ್ಲಿ ಬರೆಯೋ ಎರಡು ಮಾರ್ಕಿನ ಡೆಫಿನಿಷನ್ ಆಗಬಾರದು. ಗಿಬ್ ಬಿಗಿ ಮಾಡಿ, ಸ್ಕ್ರೇಪ್ ಮಾಡಿ, ಕಿವಿಯಲ್ಲೇ ಕಟರಿನ ಸದ್ದು ಕೇಳಿ ಫೀಡ್ ಹೇಳೋ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ನಿವೃತ್ತರಾಗಿ ಮನೆಯಲ್ಲಿ ಕೂತಿದ್ದಾರೆ, ನಾವು ಆ್ಯಪ್ ಮಾಡುತ್ತಾ ಕೂತಿದ್ದೀವಿ.

ನನ್ನ ಸಲಹೆ ಸರಳ. ಪ್ರತಿ ಐಟಿಐ, ಪ್ರತಿ ಇಂಜಿನಿಯರಿಂಗ್ ಕಾಲೇಜು ಒಂದು ಸಣ್ಣ ಮಿಲ್ಲಿಂಗ್ ಮಷೀನನ್ನ ಒಂದು ಬ್ಯಾಚಿಗೆ ಕೊಡಲಿ. ಮೊದಲ ಎರಡು ತಿಂಗಳು ಮೋಟರ್ ಮುಟ್ಟುವ ಹಾಗಿಲ್ಲ. ಡಯಲ್ ಗೇಜ್, ಕೈಚಕ್ರ, ಒಂದು ನೋಟ್‌ಬುಕ್. ಪಾಠಕ್ಕೆ ಒಬ್ಬ ನಿವೃತ್ತ ಫಿಟ್ಟರನ್ನ ಕರೆಸಿ, ಅವರಿಗೆ ಗೌರವದ ಸಂಬಳ ಕೊಡಿ. ಆಮೇಲೆ ಸ್ಕ್ರೂ, ಆಮೇಲೆ ಕೆಂಪು ಬಟನ್, ಆಮೇಲೆ ಮೋಟರ್, ಕಟ್ಟಕಡೆಗೆ ಬೋರ್ಡ್. ಪರೀಕ್ಷೆಗೆ ಪೆನ್ ಬೇಡ. ಅಲ್ಯೂಮಿನಿಯಂನಲ್ಲಿ 50 ಮಿಮೀ ವ್ಯಾಸದ ಒಂದು ವೃತ್ತ ಕತ್ತರಿಸಲಿ, ಮೈಕ್ರೋಮೀಟರ್‌ನಿಂದ ನಾಲ್ಕು ದಿಕ್ಕಿನಲ್ಲಿ ಅಳೆಯಲಿ. ಬಂದ ನಾಲ್ಕು ಸಂಖ್ಯೆಗಳಿಗೆ ಕಾರಣ ಬರೆಯಲಿ. ವೃತ್ತ ದುಂಡಗಿದ್ದರೆ ಅರ್ಧ ಮಾರ್ಕ್ಸ್. ಯಾಕೆ ದುಂಡಗಿಲ್ಲ ಅಂತ ಸರಿಯಾಗಿ ಹೇಳಿದರೆ ಪೂರ್ತಿ ಮಾರ್ಕ್ಸ್!

ಅಂದ ಹಾಗೆ ನನ್ನ ಮಷೀನಿನ ಕೈಚಕ್ರಗಳನ್ನ ನಾನು ತೆಗೆದಿಲ್ಲ. ಎರಡೂ ಕಡೆ ಶಾಫ್ಟ್ ಇರುವ ಮೋಟರ್ ಹಾಕಿ, ಹಿಂದಿನ ತುದಿಗೆ ಅವನ್ನೇ ಕೂರಿಸಿದ್ದೀನಿ. ಕರೆಂಟ್ ಆಫ್ ಮಾಡಿ ನಿಧಾನಕ್ಕೆ ತಿರುಗಿಸಿ ನೋಡುತ್ತೀನಿ. ಜೋರಾಗಿ ತಿರುಗಿಸಿದರೆ ಮೋಟರೇ ಡೈನಮೋ ಆಗಿ ಡ್ರೈವರ್ ಸುಟ್ಟೀತು, ಅದಕ್ಕೆ ನಿಧಾನ. ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ಕೈಗೆ ಇನ್ನೂ ಸುದ್ದಿ ಬರುತ್ತಿದೆ.

ನಿಮ್ಮ ಹತ್ತಿರವೂ ಇಂಥ ಮಷೀನ್ ಇದ್ದು ಕನ್ವರ್ಟ್ ಮಾಡೋ ಆಸೆ ಇದ್ದರೆ, ಈ ಭಾನುವಾರ ಬೋರ್ಡ್ ಆರ್ಡರ್ ಮಾಡಬೇಡಿ. ಒಂದು ಡಯಲ್ ಗೇಜ್ ತನ್ನಿ. ಉಳಿದದ್ದನ್ನ ಮಷೀನೇ ಹೇಳುತ್ತೆ.